ಫಟಫಟಿಗೆ ಕೊಸರು

ನಮ್ಮ ಮನೆಯ ಪೇಚ್‌ಕಸ್ ಎಂಬ ತಿರುಪುಳಿ ಸದ್ಯಕ್ಕೆ ಜೋಳದ ಹಿಟ್ಟಿನ ಡಬ್ಬಿಯ ತಳದಲ್ಲಿದೆ. ಅದು ಅಲ್ಲಿರುವುದು ನನಗೆ ತಿಳಿಯದೆಂದು ನನ್ನ ಹೆಂಡತಿ ನಂಬಿದ್ದಾಳೆ. ನನಗೆ ತಿಳಿದಿರುವುದು ಅವಳಿಗೆ ತಿಳಿಯದೆಂದು ನಾನು ನಂಬಿದ್ದೇನೆ. ಈ ಪರಸ್ಪರ ವಿಶ್ವಾಸದ ಅಡಿಪಾಯದ ಮೇಲೆ ನಮ್ಮ ಸಂಸಾರವೂ ನಮ್ಮ ಗೋಡೆಯ ಗಡಿಯಾರವೂ ಇಷ್ಟು ವರ್ಷ ನಿರಾತಂಕವಾಗಿ ನಡೆದುಕೊಂಡು ಬಂದಿವೆ. ಕಳೆದ ವಾರ ಮಂಚದ ಕಾಲೊಂದು ಅಲುಗಾಡತೊಡಗಿ, ನಾನು ಧೈರ್ಯ ಮಾಡಿ ಪೇಚ್‌ಕಸ್ ಎಲ್ಲಿದೆ ಎಂದು ಕೇಳಿದಾಗ, ಅವಳು ಉತ್ತರಿಸುವ ಗೋಜಿಗೆ ಹೋಗದೆ ಕೈಯ ಹಿಟ್ಟು ಕೊಡವಿಕೊಂಡು ಓಣಿಯ ಕೊನೆಯ ಬಡಿಗನನ್ನು ಕರೆತರಲು ಹೊರಟೇಬಿಟ್ಟಳು. ಓಣಿಯ ಕೊನೆಯ ಬಡಿಗನಿಗಿಂತ ಹೊಸ್ತಿಲೊಳಗಿನ ಗಂಡ ಹೆಚ್ಚು ಅಪಾಯಕಾರಿ ಎಂಬುದು ಅವಳ ಅನುಭವಸಿದ್ಧ ಸಿದ್ಧಾಂತ.

ಅವಳನ್ನು ನಾನು ದೂರುವುದಿಲ್ಲ. ಕೆಟ್ಟು ನಿಂತ ವಸ್ತುವನ್ನು ಕಂಡರೆ ನನಗೆ ಯಾವ ಭಾವವಿಕಾರವೂ ಆಗುವುದಿಲ್ಲ. ಅದರ ಪಾಡು ಅದಕ್ಕೆ, ನನ್ನ ಪಾಡು ನನಗೆ. ನೆಟ್ಟಗೆ ನಡೆಯುತ್ತಿರುವ ಯಂತ್ರವೊಂದು ಕಣ್ಣಿಗೆ ಬಿದ್ದರೆ ಮಾತ್ರ ಅಂಗೈ ತುರಿಸತೊಡಗುತ್ತದೆ. ಇದು ಇಷ್ಟು ಚೆನ್ನಾಗಿ ನಡೆಯುತ್ತಿರುವುದು ಏತರಿಂದ, ಒಮ್ಮೆ ಬಿಚ್ಚಿ ಜೋಡಿಸಿದರೆ ಇನ್ನೂ ಚೆನ್ನಾಗಿ ನಡೆಯಲಾರದೇ ಎಂಬ ಜಿಜ್ಞಾಸೆ ಒಳಗಿಂದ ಏಳುತ್ತದೆ. ಇರಲಾರದೆ ಇರುವೆ ಬಿಟ್ಟುಕೊಳ್ಳುವುದು ಎಂದು ಜನ ಇದನ್ನೇ ಅನ್ನುತ್ತಾರೆ. ಬ್ರಹ್ಮಜಿಜ್ಞಾಸೆಯಿಂದ ಯಾರದಾದರೂ ಮನೆ ಹಾಳಾದದ್ದನ್ನು ನಾನು ಕೇಳಿಲ್ಲ. ನನ್ನ ಯಂತ್ರಜಿಜ್ಞಾಸೆಯಿಂದ ಮಾತ್ರ ಒಬ್ಬ ಇಂಜಿನಿಯರರ ಫಟಫಟಿಯೂ, ನನಗೆ ಸಿಗಬೇಕಿದ್ದ ನೌಕರಿಯೂ ಒಂದೇ ಹದಿನೈದು ದಿನಗಳಲ್ಲಿ ಅಲ್ಲೋಲಕಲ್ಲೋಲವಾದವು. ಆ ಕಥೆಯನ್ನು ಕೊಪ್ಪಳದ ಗಂಜಿನಲ್ಲಿ, ಅಂದರೆ ಕಾಳಿನ ಪೇಟೆಯಲ್ಲಿ, ಇಂದಿಗೂ ಹೇಳುತ್ತಾರೆ. ಅವರು ಹೇಳುವುದು ಬೇರೆ, ನಡೆದದ್ದು ಬೇರೆ. ನಡೆದದ್ದನ್ನು ನಿಮಗೊಬ್ಬರಿಗೆ ಹೇಳುತ್ತೇನೆ, ಬನ್ನಿ.

ಅದು ಎರಡನೆಯ ಮಹಾಯುದ್ಧದ ಕಾಲ. ನಮ್ಮದು ನಿಜಾಮರ ಸೀಮೆ. ಪೆಟ್ರೋಲಿಗೆ ಚೀಟಿ, ಸೀಮೆಎಣ್ಣೆಗೆ ಚೀಟಿ, ಸಕ್ಕರೆಗೆ ಚೀಟಿ. ಚೀಟಿಯಿಲ್ಲದೆ ಸಿಗುತ್ತಿದ್ದದ್ದು ಬುದ್ಧಿವಾದ ಒಂದೇ, ಅದನ್ನು ನನ್ನ ತಂದೆಯವರು ಹೇರಳವಾಗಿ ಸರಬರಾಜು ಮಾಡುತ್ತಿದ್ದರು. ಗಂಜಿನಲ್ಲಿ ಅವರದು ಜೋಳ, ಕಡಲೆ, ತೊಗರಿಯ ಅಂಗಡಿ. ನಾನು ಧಾರವಾಡಕ್ಕೆ ಹೋಗಿ ಇಂಟರ್ ಸೈನ್ಸಿನಲ್ಲಿ ಎರಡು ಸಲ ನಪಾಸಾಗಿ, ವಿಜ್ಞಾನಕ್ಕೆ ನನ್ನಿಂದ ಆಗಬೇಕಾದ ಸೇವೆ ಇನ್ನು ಉಳಿದಿಲ್ಲವೆಂದು ಮನಗಂಡು ಹಿಂತಿರುಗಿದ್ದೆ. ಅಂಗಡಿಯ ಗಾದಿಯ ಮೇಲೆ ಕೂಡುವುದೆಂದರೆ ನನಗೆ ಜೀವಂತ ಸಮಾಧಿಯಾದಂತೆ. ತಂದೆಯವರು ಒಂದು ಗಡುವು ಕೊಟ್ಟಿದ್ದರು: "ದಸರಾದೊಳಗ ಎಲ್ಲೆರೆ ನೌಕರಿ ಹಿಡದ್ರ ಹಿಡಿ. ಇಲ್ಲಂದ್ರ ಬನ್ನಿ ಕೊಟ್ಟ ಮರುದಿನಾನ ಬಂದು ಗಾದಿ ಮ್ಯಾಲ ಕೂಡು."

ತುಂಗಭದ್ರೆಗೆ ಅಣೆಕಟ್ಟು ಕಟ್ಟುವ ಮಾತು ಆಗ ಎಲ್ಲರ ಬಾಯಲ್ಲಿತ್ತು. ಮುನಿರಾಬಾದಿನ ಹತ್ತಿರ ಹೊಳೆಯ ದಂಡೆಯಲ್ಲಿ ಅಳತೆ ಮಾಡುವವರ ಡೇರೆಗಳು ಬಿದ್ದಿದ್ದವು. ಆ ಕ್ಯಾಂಪಿನ ಇಂಜಿನಿಯರ್ ಸಾಹೇಬರು ಕಲಬುರ್ಗಿಯ ಕಡೆಯವರು, ಗಂಭೀರರು, ಇಸ್ತ್ರಿ ಮಾಡಿದ ಖಾಕಿ ಉಡುಪಿನೊಳಗೆ ಇಸ್ತ್ರಿ ಮಾಡಿದ ಸ್ವಭಾವದವರು. ಅವರ ಕ್ಯಾಂಪಿಗೆ ಕಾಳುಕಡಿ ನಮ್ಮ ಅಂಗಡಿಯಿಂದಲೇ ಹೋಗುತ್ತಿತ್ತು. ಅವರಿಗೊಂದು ಇಂಗ್ಲಿಷ್ ಫಟಫಟಿ, ಅಂದರೆ ಮೋಟಾರ್ ಸೈಕಲ್, ಇತ್ತು. ಗಂಗಾವತಿ, ಕುಷ್ಟಗಿ, ಯಲಬುರ್ಗಾ ಎಲ್ಲವನ್ನೂ ಸೇರಿಸಿ ಹುಡುಕಿದರೂ ಅಂಥ ಇನ್ನೊಂದು ಸಿಗಲಾರದೆಂದು ಜನ ಹೇಳುತ್ತಿದ್ದರು. ಎರಡು ವಾರದ ರಜೆಯ ಮೇಲೆ ಹೈದರಾಬಾದಿಗೆ ಹೋಗುವಾಗ ಸಾಹೇಬರು ಅದನ್ನು ನಮ್ಮ ಗೋದಾಮಿನಲ್ಲಿ ನಿಲ್ಲಿಸಿ, ನನ್ನ ಕಡೆ ತಿರುಗಿ ಹೇಳಿದರು: "ಎರಡು ದಿನಕ್ಕೊಮ್ಮೆ ಬರೇ ಚಾಲೂ ಮಾಡ್ರಿ, ಬಂದ್ ಮಾಡ್ರಿ. ಬ್ಯಾರೆ ಏನೂ ಬ್ಯಾಡ. ನಾ ಬಂದಮ್ಯಾಲ ನಿಮ್ಮ ನೌಕರಿ ಮಾತು ಆಡೋಣು. ಕ್ಯಾಂಪಿಗೆ ಒಬ್ಬ ಮನಿಷ್ಯಾಂದು ಮಂಜೂರಿ ಬಂದೈತಿ. ಒಬ್ಬಂದ ಮತ್ತ."

ಆ ಒಬ್ಬ ನಾನೇ ಎಂಬುದರಲ್ಲಿ ನನಗೆ ಸಂದೇಹವಿರಲಿಲ್ಲ. ಹಾಜರಿ ಪುಸ್ತಕವನ್ನು ಕಂಕುಳಲ್ಲಿಟ್ಟುಕೊಂಡು ಹೊಳೆಯ ಗಾಳಿಗೆ ಮುಖವೊಡ್ಡಿ ನಿಂತ ನನ್ನ ಚಿತ್ರ ಕಣ್ಣಮುಂದೆ ಕಟ್ಟಿತ್ತು. ಎರಡನೆಯ ದಿನ ಫಟಫಟಿಯನ್ನು ಚಾಲೂ ಮಾಡಿದೆ. ಢಗ್ ಢಗ್ ಢಗ್ ಎಂದು ಅದು ಹಾಡತೊಡಗಿ, ನಡುವೆ ಒಮ್ಮೆ 'ಖುಕ್' ಎಂದು ಕೆಮ್ಮಿತು. ಮತ್ತೆ ನಾಲ್ಕು ಢಗ್, ಮತ್ತೊಂದು ಖುಕ್. ಸಾಮಾನ್ಯ ಮನುಷ್ಯನಾಗಿದ್ದರೆ ಬಂದ್ ಮಾಡಿ ಊಟಕ್ಕೆ ಹೋಗುತ್ತಿದ್ದ. ನಾನು ಇಂಟರ್ ಸೈನ್ಸ್. ಅದೂ ಎರಡು ಸಲ. ಆ ಖುಕ್ಕನ್ನು ನಿವಾರಿಸಿ, ಸಾಹೇಬರು ಬಂದಾಗ ಅವರನ್ನು ಬೆರಗುಗೊಳಿಸಿದರೆ ಹಾಜರಿ ಪುಸ್ತಕ ನನ್ನ ಕೈಗೆ ತಾನಾಗಿ ಬರುತ್ತದೆಂದು ಲೆಕ್ಕ ಹಾಕಿದೆ.

ಸೀಟಿನ ಕೆಳಗಿನ ಚೀಲದಲ್ಲಿ ನಟ್ಟು ತಿರುಗಿಸುವ ಪಾನಾ, ಪೇಚ್‌ಕಸ್‌ಗಳ ಜೊತೆಗೆ ಇಂಗ್ಲಿಷಿನ ಕೈಪಿಡಿಯೂ ಇತ್ತು. ನನಗೆ ಓದಲು ಬರುತ್ತಿತ್ತು, ಕೈ ನಡೆಯುತ್ತಿರಲಿಲ್ಲ. ಸಣ್ಣ ತಿರುಪೊಂದನ್ನು ಹಿಡಿದರೆ ಬೆರಳುಗಳು ಹೊಸ ಸೊಸೆಯಂತೆ ನಡುಗುತ್ತಿದ್ದವು. ಆದ್ದರಿಂದ ಫಕೀರಪ್ಪನನ್ನು ಕರೆದೆ. ಫಕೀರಪ್ಪ ನಮ್ಮ ಅಂಗಡಿಯ ಅಳತೆಯವನು, ಇಟಗಿಯ ಕಡೆಯವನು, ಅರವತ್ತು ದಾಟಿದವನು. ನಾನು ಹುಟ್ಟುವ ಮೊದಲಿನಿಂದಲೂ ಕಾಳಿನ ರಾಶಿಯ ಪಕ್ಕದಲ್ಲಿ ಮಂಡಿಯೂರಿ ಕೂತು ಸೇರಿನಿಂದ ಅಳೆದು ಹಾಕುತ್ತ ಬಂದವನು. ಅವನ ಕೈಯಷ್ಟು ಸ್ಥಿರವಾದ ಕೈಯನ್ನು ನಾನು ಇಂದಿಗೂ ಕಂಡಿಲ್ಲ. ಇಷ್ಟಾದರೂ ಆ ವರ್ಷ ಅವನ ಕೆಲಸಕ್ಕೇ ಸಂಚಕಾರ ಬಂದಿತ್ತು. ಕಂಟ್ರೋಲಿನ ಅಧಿಕಾರಿಗಳು ಬಂದು, ಇನ್ನು ಸೇರು ಬೇಡ, ತಕ್ಕಡಿ ಇಡಿ, ಕಾಳು ತೂಕಕ್ಕೆ ಸರಿಯಾಗಿ ಹೋಗಬೇಕು ಎಂದು ತಾಕೀತು ಮಾಡಿ ಹೋಗಿದ್ದರು. ದಸರಾ ಆದ ಮೇಲೆ ತಕ್ಕಡಿ ಬರುತ್ತದೆಂದು ತಂದೆಯವರು ಫಕೀರಪ್ಪನಿಗೆ ಹೇಳಿದ್ದರು. ತಕ್ಕಡಿ ಬಂದ ಮೇಲೆ ಅವನು ಏನು ಮಾಡಬೇಕೆಂಬುದನ್ನು ಹೇಳಿರಲಿಲ್ಲ. ಅವನೂ ಕೇಳಿರಲಿಲ್ಲ.

ನಮ್ಮ ಕೆಲಸ ಗೋದಾಮಿನಲ್ಲಿ ಆರು ದಿನ ನಡೆಯಿತು. ನಾನು ಹೊರಸಿನ ಮೇಲೆ ಕಾಲುಚಾಚಿ ಕೈಪಿಡಿಯನ್ನು ಪುರಾಣದಂತೆ ವಾಚಿಸಿ ಅರ್ಥ ಹೇಳುವುದು, ಫಕೀರಪ್ಪ ಕೆಳಗೆ ಗೋಣಿತಟ್ಟಿನ ಮೇಲೆ ಕೂತು ಅದನ್ನು ಆಚರಣೆಗೆ ತರುವುದು. ಬಿಚ್ಚುವಾಗ ಯಾವ ವಿಘ್ನವೂ ಬರಲಿಲ್ಲ. ಬಿಚ್ಚುವಾಗ ವಿಘ್ನ ಬಂದ ಉದಾಹರಣೆ ಜಗತ್ತಿನಲ್ಲಿ ಕಡಿಮೆ. ಜೋಡಿಸುವಾಗಲೂ ಎಲ್ಲ ಶಾಸ್ತ್ರೋಕ್ತವಾಗಿ ನಡೆಯಿತು. ಗಾಳಿಯ ತಿರುಪನ್ನು ಪೂರ್ತಿ ಬಿಗಿದು ಎರಡೂವರೆ ಸುತ್ತು ಸಡಿಲಿಸು ಎಂದೆ, ಸಡಿಲಿಸಿದ. ಎಣ್ಣೆಯನ್ನು ಗೀಟಿನ ಮಟ್ಟಕ್ಕೆ ಸುರಿ ಎಂದೆ, ಸುರಿದ. ಚೈನನ್ನು ಗುರುತಿನಿಂದ ಹನ್ನೊಂದನೆಯ ಹಲ್ಲಿಗೆ ಕೂರಿಸು ಎಂದೆ. ಕಾಳು ಅಳೆಯುವವರು ಮೊದಲ ಸೇರಿಗೆ ಒಂದು ಎನ್ನದೆ 'ಲಾಭ' ಎನ್ನುವುದು ನಿಮಗೆ ಗೊತ್ತೇ ಇದೆ; ಅದೇ ರಾಗದಲ್ಲಿ ಫಕೀರಪ್ಪ "ಲಾಭ, ಎರಡ, ಮೂರ" ಎಂದು ಹಲ್ಲುಗಳನ್ನು ಎಣಿಸುವಾಗ ನನಗೆ ನಿದ್ದೆಯ ಜೊಂಪು ಹತ್ತಿತ್ತು. ಎಣಿಕೆ ಎಲ್ಲಿಗೆ ನಿಂತಿತೆಂದು ನಾನು ಕೇಳಲಿಲ್ಲ. ನಂಬಿಕಸ್ತ ಮನುಷ್ಯನ ಎಣಿಕೆಯನ್ನು ತಪಾಸಣೆ ಮಾಡುವುದು ಸಭ್ಯತೆಯಲ್ಲವೆಂಬುದು ನನ್ನ ಸಮಜಾಯಿಷಿ.

ಏಳನೆಯ ದಿನ ಬೆಳಿಗ್ಗೆ ಫಟಫಟಿಯನ್ನು ಅಂಗಳಕ್ಕೆ ತಂದು ಒದ್ದೆ. ಅದೂ ನನ್ನನ್ನು ಒದ್ದಿತು. ಇದು ಅಲಂಕಾರದ ಮಾತಲ್ಲ. ಕಿಕ್ಕು ಹಿಂದಕ್ಕೆ ಸಿಡಿದು ನನ್ನ ಮೊಣಕಾಲಿಗೆ ಬಡಿಯಿತು. ಐದಾರು ಸಲ ಹೀಗೆ ಪರಸ್ಪರ ಮರ್ಯಾದೆ ಸಲ್ಲಿಸಿಕೊಂಡ ಮೇಲೆ ಎಂಜಿನ್ ಹೊತ್ತಿಕೊಂಡಿತು. ಹಿಂದಿದ್ದ ಒಂದು ಖುಕ್ಕಿನ ಜಾಗದಲ್ಲಿ ಈಗ ಖುಕ್ಕುಗಳ ಪರಿವಾರವೇ ಬಂದು ನೆಲೆಸಿತ್ತು. ಢಗ್ ಎನ್ನುವುದು, ಬಿಕ್ಕಳಿಸುವುದು, ಇನ್ನೇನು ಪ್ರಾಣ ಹೋಯಿತೆನ್ನುವಷ್ಟರಲ್ಲಿ ಬಂದೂಕಿನಂತೆ ಢಂ ಎನ್ನುವುದು, ಹಿಂದಿನ ಕೊಳವೆಯಿಂದ ನೀಲಿ ಹೊಗೆ ಕಾರುವುದು. ಎರಡನೆಯ ಢಂ ಶಬ್ದಕ್ಕೆ ಗಂಜಿನ ಎತ್ತುಗಳು ಬೆದರಿದವು. ಮೂರನೆಯದಕ್ಕೆ ಜಪಾನಿನವರು ಬಂದರೆಂದು ಒಬ್ಬ ವ್ಯಾಪಾರಿ ಅಂಗಡಿಯ ಬಾಗಿಲು ಹಾಕಿಕೊಂಡ.

ಅದನ್ನು ಓಡಿಸಿದರೆ ಸರಿಹೋದೀತೆಂದು ಕುಷ್ಟಗಿಯ ದಾರಿಗೆ ಬಿಟ್ಟೆ. ಎರಡು ಮೈಲು ಅದು ಕಪ್ಪೆಯಂತೆ ಕುಪ್ಪಳಿಸಿ ಹೋಯಿತು. ಅಲ್ಲಿ ನಿಂತದ್ದು ಮುಂದೆ ಹೋಗಲೂ ಒಲ್ಲದು, ಹಿಂದೆ ಬರಲೂ ಒಲ್ಲದು. ಕೊನೆಗೆ ಶೇಂಗಾ ಹೇರಿಕೊಂಡು ಬರುತ್ತಿದ್ದ ಚಕ್ಕಡಿಯ ಹಿಂದೆ ಹಗ್ಗದಿಂದ ಕಟ್ಟಿಸಿಕೊಂಡು, ಹ್ಯಾಂಡಲ್ ಹಿಡಿದು ಗಂಭೀರವದನನಾಗಿ ಕೂತು, ಎತ್ತಿನ ಗತಿಯಲ್ಲಿ ಊರು ಸೇರಿದೆ. ಊರಬಾಗಿಲ ಅಗಸಿಯ ಬಳಿ ತಂದೆಯವರು ನಿಂತಿದ್ದರು. "ಕೆಟ್ಟಿಲ್ಲದ್ದನ್ನ ಕೆಡಿಸಿ ರಿಪೇರಿ ಮಾಡೂದು ಧಾರವಾಡದಾಗ ಕಲಿಸ್ತಾರೇನೋ? ಸಾಹೇಬ್ರು ಬರಾಕ ಇನ್ನ ಐದ ದಿನ ಐತಿ," ಎಂದಷ್ಟೇ ಅಂದು ಒಳಗೆ ಹೋದರು.

ಮುಂದಿನ ಮೂರು ದಿನ ನಮ್ಮ ಅಂಗಳ ಆಸ್ಪತ್ರೆಯಾಯಿತು. ರೋಗಿ ಒಂದೇ, ವೈದ್ಯರು ಊರ ತುಂಬ. ಎಂಜಿನ್ನಿಗೆ ಹಬೆ ಸಾಲುತ್ತಿಲ್ಲ, ಕಲ್ಲಿದ್ದಲು ಹಾಕಿ ಎಂದು ರೈಲಿನಲ್ಲಿ ಬೆಂಕಿ ಒಟ್ಟಿ ನಿವೃತ್ತರಾದವರೊಬ್ಬರು ಹೇಳಿದರು. ಟಾಂಗಾದವನು ಅದರ ಟ್ಯಾಂಕಿಗೆ ಕಿವಿ ಹಚ್ಚಿ, ತಟ್ಟಿ ನೋಡಿ, "ಹೊಟ್ಟಿ ಉಬ್ಬೈತ್ರಿ, ಅಜವಾನದ ನೀರು ಕುಡಸ್ರಿ" ಎಂದ. ಊರಿನ ಆಯುರ್ವೇದದ ಪಂಡಿತರು ನೀಲಿ ಹೊಗೆಯನ್ನು ನೋಡಿ ಪಿತ್ತವೆಂದೂ, ಬಿಕ್ಕಳಿಕೆಯನ್ನು ಕೇಳಿ ವಾತವೆಂದೂ, ಎಣ್ಣೆ ಸೋರುವುದನ್ನು ಮುಟ್ಟಿ ಕಫವೆಂದೂ ನಿರ್ಣಯಿಸಿ, ಮೂರೂ ಕೆರಳಿದ ರೋಗಿಯ ವಿಷಯದಲ್ಲಿ ಶಾಸ್ತ್ರ ಮೌನವಾಗಿದೆ ಎಂದು ಎದ್ದುಹೋದರು. ನನ್ನ ತಾಯಿ ಯಾರ ಮಾತನ್ನೂ ಕೇಳದೆ ಉಪ್ಪು ಮೆಣಸಿನಕಾಯಿ ಇಳಿಸಿ ದೃಷ್ಟಿ ತೆಗೆದು ಒಲೆಗೆ ಹಾಕಿದಳು. ಮೆಣಸಿನಕಾಯಿ ಚಟಪಟ ಎಂದದ್ದಕ್ಕೂ ಫಟಫಟಿ ಢಂ ಎಂದದ್ದಕ್ಕೂ ಸರಿಹೋಗಿ, ದೃಷ್ಟಿ ಭಾರಿಯದೇ ಎಂದು ಎಲ್ಲರೂ ಒಪ್ಪಿದರು. ನಾನು ನಗುತ್ತಿರಲಿಲ್ಲ. ಪೆಟ್ರೋಲು ತಳ ಕಾಣುತ್ತಿತ್ತು, ದಿನ ಮುಗಿಯುತ್ತಿದ್ದವು. ಹಾಜರಿ ಪುಸ್ತಕ ಕಂಕುಳಿನಿಂದ ಜಾರುವುದು ನನಗೆ ಕಾಣುತ್ತಿತ್ತು. ಕೈಪಿಡಿಯನ್ನು ಹನ್ನೆರಡು ಸಲ ಓದಿದೆ. ನಾನು ಹೇಳಿದ್ದರಲ್ಲಿ ಒಂದು ಅಕ್ಷರವೂ ತಪ್ಪಿರಲಿಲ್ಲ.

ಉಳಿದದ್ದು ಎರಡೇ ದಿನ. ಅವತ್ತು ಮಧ್ಯಾಹ್ನ ಗಾದಿಗೆ ಒರಗಿ, ಮೊಣಕಾಲಿಗೆ ಹಚ್ಚಿದ ಅರಿಷಿಣವನ್ನು ನೋಡುತ್ತ ಕೂತಿದ್ದೆ. ಎದುರಿಗೆ ಅಳವಂಡಿಯಿಂದ ಬಂದ ಮುದುಕಿಯೊಬ್ಬಳಿಗೆ ಫಕೀರಪ್ಪ ಜೋಳ ಅಳೆದು ಹಾಕುತ್ತಿದ್ದ. ಲಾಭ, ಎರಡು, ಮೂರು, ನಾಲ್ಕು. ನಾಲ್ಕು ಸೇರು ಮುಗಿಯಿತು. ಮುದುಕಿ ಚೀಲದ ಬಾಯಿ ಕಟ್ಟಲಿಲ್ಲ, ಫಕೀರಪ್ಪನೂ ಸೇರನ್ನು ಕೆಳಗಿಡಲಿಲ್ಲ. ಅವನ ಎಡಗೈ ತಾನೇ ರಾಶಿಗೆ ಹೋಗಿ ಒಂದು ಹಿಡಿಯಷ್ಟು ಕಾಳನ್ನು ತಂದು ಚೀಲಕ್ಕೆ ಹಾಕಿತು. ಆ ಹೊತ್ತಿಗೆ ಅವನು ಮುದುಕಿಯ ಎಮ್ಮೆಯ ಯೋಗಕ್ಷೇಮ ವಿಚಾರಿಸುತ್ತಿದ್ದ. ಕೈಯ ಕಡೆ ಅವನ ಲಕ್ಷ್ಯವೂ ಇರಲಿಲ್ಲ. ಅಳತೆಯ ಮೇಲೆ ಕೊಸರು ಹಾಕದೆ ಚೀಲ ಕಟ್ಟಿಸಿದ ದಿನ ಅವನ ಆಯುಷ್ಯದಲ್ಲಿ ಇರಲಿಲ್ಲ. ನಾನು ಎದ್ದು ಕೂತೆ.

"ಅಜ್ಜಾ, ಆ ಗಾಳಿ ಇಸ್ಕ್ರೂ ಎಷ್ಟ ಸುತ್ತು ಸಡ್ಲ ಬಿಟ್ಟಿದ್ದಿ?"

"ನೀ ಹೇಳಿದಷ್ಟ. ಎರಡೂವರಿ."

"ಅಷ್ಟೇನಾ?"

"ಮ್ಯಾಲ ಕೊಸರು. ಅದನ್ನೇನ ಹೇಳೂದೈತಿ?"

"ಎಣ್ಣಿ?"

"ಗೀಟಿಗೆ ಸರಿಯಾಗಿ. ಮ್ಯಾಲ ಒಂದು ಪಾವು ಕೊಸರು."

"ಹಲ್ಲು? ಹನ್ನೊಂದಕ್ಕ ಕೂಡಸು ಅಂದಿದ್ನೆಲ್ಲ!"

"ಹನ್ನೊಂದ ಎಣಿಸೇನಿ, ಒಂದ ಕೊಸರು ಬಿಟ್ಟೇನಿ." ಫಕೀರಪ್ಪನಿಗೆ ನನ್ನ ಅಜ್ಞಾನದ ಬಗ್ಗೆ ಮರುಕ ಹುಟ್ಟಿದಂತಿತ್ತು. "ಪರರ ಗಾಡಿ, ತಮ್ಮಾ. ಸಾಹೇಬ್ರು ನಮ್ಮನ್ನ ನಂಬಿ ಬಿಟ್ಟು ಹೋಗ್ಯಾರ. ಅಳತಿ ಎಲ್ಲೆರೆ ಕಡಿಮಿ ಬಿದ್ರ ಪಾಪ ಯಾರಿಗೆ?"

ನಾನು ತಲೆಯ ಮೇಲೆ ಕೈಹೊತ್ತು ಕೂತೆ. ಅವನ ತರ್ಕದಲ್ಲಿ ಎಲ್ಲಿಯೂ ಬಿರುಕಿರಲಿಲ್ಲ. ನಮ್ಮ ಸೀಮೆಯಲ್ಲಿ ಕೊಟ್ಟದ್ದರ ಮೇಲೆ ಒಂದಿಷ್ಟು ಬೀಳದಿದ್ದರೆ ಕೊಟ್ಟಂತೆಯೇ ಅಲ್ಲ. ಊಟಕ್ಕೆ ಕೂತವನ ತಾಟಿಗೆ ಬೇಡವೆಂದ ಮೇಲೆ ಬೀಳುವ ರೊಟ್ಟಿಯೇ ನಿಜವಾದ ರೊಟ್ಟಿ. ಬೀಗರನ್ನು ಬೀಳ್ಕೊಡುವಾಗ ಅಗಸಿಯವರೆಗೆ ಎಂದು ಹೊರಟವರು ಹಳ್ಳದವರೆಗೆ ಹೋಗಿ ನಿಂತಿರುತ್ತೇವೆ. ಈ ಔದಾರ್ಯದಲ್ಲಿ ಬೆಳೆದ ಕೈಗೆ, ಗೀಟಿನ ಮಟ್ಟ ಎಂದರೆ ಗೀಟಿನ ಮಟ್ಟವೇ ಎಂದು ಹಟ ಹಿಡಿಯುವ ಸಮುದ್ರದಾಚೆಯ ಯಂತ್ರವೊಂದು ಎದುರಾಗಿತ್ತು. ಔದಾರ್ಯ ಒಳಗೆ ಹೋಗಿ, ಹೊಗೆಯಾಗಿ ಹೊರಗೆ ಬರುತ್ತಿತ್ತು.

"ಅಜ್ಜಾ, ಇದಕ್ಕ ಕೊಸರು ನಡ್ಯಾಂಗಿಲ್ಲ. ಇದು ಒಲ್ಲೆ ಅಂತೈತಿ," ಎಂದೆ.

"ಕೊಸರು ಒಲ್ಲೆ ಅನ್ನೋ ಗಿರಾಕಿನ್ನ ನಾ ಇನ್ನೂ ನೋಡಿಲ್ಲ," ಎಂದ ಫಕೀರಪ್ಪ, ಫಟಫಟಿಯನ್ನು ಅನುಮಾನದಿಂದ ನೋಡುತ್ತ.

ಮತ್ತೆ ಬಿಚ್ಚಿದೆವು. ಈಗ ಬೇರೊಂದು ತೊಡಕು ಎದುರಾಯಿತು. ಫಕೀರಪ್ಪ ಮನಸ್ಸಿನಿಂದ ಒಪ್ಪಿದ. ಅವನ ಕೈ ಒಪ್ಪಲಿಲ್ಲ. ಎರಡೂವರೆ ಸುತ್ತಿಗೆ ನಿಲ್ಲಿಸಿ ಪೇಚ್‌ಕಸ್ ತೆಗೆಯುವ ಮುನ್ನ ಮಣಿಕಟ್ಟು ತನ್ನಷ್ಟಕ್ಕೆ ತಾನೇ ಸ್ವಲ್ಪ ಹೊರಳುತ್ತಿತ್ತು. ನಾನು ಕೈ ಹಿಡಿದುಕೊಂಡೆ. ಆಗ ಎರಡು ಸುತ್ತಿಗೇ ನಿಂತಿತು, ಏಕೆಂದರೆ ನಡುಗುವ ನನ್ನ ಕೈ ಅವನ ಕೈಯನ್ನೂ ನಡುಗಿಸಿತು. ಅವನ ಹಣೆಯಲ್ಲಿ ಬೆವರು. ನಲವತ್ತು ವರ್ಷದ ಕೈಯನ್ನು ಒಂದು ಮಧ್ಯಾಹ್ನದಲ್ಲಿ ತಿದ್ದುವುದು ಸಾಧ್ಯವಿರಲಿಲ್ಲ. ಹೊಳೆದದ್ದು ಅವನಿಗೇ. ಒಳಗೆ ಹೋಗಿ ಒಂದು ಬುಟ್ಟಿ ಜೋಳ ತಂದು ಪಕ್ಕದಲ್ಲಿಟ್ಟುಕೊಂಡ. ತಿರುಪನ್ನು ಎರಡೂವರೆ ಸುತ್ತಿಗೆ ತಂದು, ತಕ್ಷಣ ಪೇಚ್‌ಕಸ್ ಬಿಟ್ಟು, ಎಡಗೈಯಿಂದ ಒಂದು ಹಿಡಿ ಜೋಳವನ್ನು ಫಟಫಟಿಯ ಸೀಟಿನ ಮೇಲೆ ಹಾಕಿದ. ಕೊಸರು ಸಂದಿತು, ಕೈ ಸಮಾಧಾನವಾಯಿತು, ತಿರುಪು ಇದ್ದಲ್ಲೇ ಉಳಿಯಿತು. ಎಣ್ಣೆ ಗೀಟಿಗೆ, ಒಂದು ಹಿಡಿ ಸೀಟಿಗೆ. ಚೈನು ಹನ್ನೊಂದಕ್ಕೆ, ಒಂದು ಹಿಡಿ ಸೀಟಿಗೆ. ಪ್ರತಿ ನಟ್ಟಿಗೂ ಒಂದೊಂದು ಹಿಡಿ ಬಿದ್ದು, ಸಂಜೆಯ ಹೊತ್ತಿಗೆ ಸೀಟು, ಟ್ಯಾಂಕು, ಹಿಂದಿನ ಗಾಲಿಯ ಮೇಲಿನ ತಗಡು ಎಲ್ಲ ಜೋಳದಿಂದ ಮುಚ್ಚಿಹೋಗಿ, ಗಂಜಿನ ಗುಬ್ಬಿಗಳೆಲ್ಲ ಬಂದು ಇಂಗ್ಲಿಷ್ ಯಂತ್ರದ ಮೇಲೆ ಸಾಲಾಗಿ ಕೂತಿದ್ದವು.

ಗುಬ್ಬಿಗಳನ್ನು ಓಡಿಸಿ, ಕಾಳು ಕೊಡವಿ ಒದ್ದೆ. ಒಂದೇ ಒದೆತಕ್ಕೆ ಹೊತ್ತಿತು. ಢಂ ಇಲ್ಲ, ಬಿಕ್ಕಳಿಕೆ ಇಲ್ಲ, ಹೊಗೆ ಇಲ್ಲ. ಮೊದಲಿದ್ದ ಆ ಖುಕ್ಕು ಕೂಡ ಇಲ್ಲ. ಬೆಣ್ಣೆಯಲ್ಲಿ ಕೂದಲೆಳೆದಷ್ಟು ನಯವಾಗಿ ಓಡಿತು. ಫಕೀರಪ್ಪನ ಮುಖದಲ್ಲಿ ನಗೆ ಅರಳಿತು. ನಾನಂತೂ ಅವನನ್ನು ತಬ್ಬಿಕೊಂಡೇಬಿಟ್ಟೆ. ಅಷ್ಟು ಸಂತೋಷ ನನಗೆ ಇಂಟರ್ ಪರೀಕ್ಷೆ ಪಾಸಾಗಿದ್ದರೂ ಆಗುತ್ತಿರಲಿಲ್ಲ. ಪಾಸಾಗಿ ಗೊತ್ತಿಲ್ಲವಾದ್ದರಿಂದ ಇದು ಊಹೆ.

ಸಾಹೇಬರು ಹೇಳಿದ ದಿನವೇ ಬಂದರು. ಅಂಗಡಿಯ ಮುಂದೆ ತಂದೆಯವರು, ಫಕೀರಪ್ಪ, ಗಂಜಿನ ಹತ್ತಾರು ಜನ. ಸಾಹೇಬರು ಫಟಫಟಿಯನ್ನು ಚಾಲೂ ಮಾಡಿ ಕಿವಿಗೊಟ್ಟು ನಿಂತರು. ನಾನು ಹೊಗಳಿಕೆಗೆ ತಲೆಬಾಗಲು ಸಿದ್ಧನಾಗಿದ್ದೆ. ಅವರ ಹುಬ್ಬು ಗಂಟಿಕ್ಕಿತು. ಬಂದ್ ಮಾಡಿ ಮತ್ತೆ ಚಾಲೂ ಮಾಡಿದರು. ಹುಬ್ಬು ಇನ್ನಷ್ಟು ಗಂಟಿಕ್ಕಿತು.

"ಇದು ನನ್ನ ಗಾಡಿ ಅಲ್ರೀ. ಇದರ ಆವಾಜ್ ಎಲ್ಲಿ ಹೋತು?" ಎಂದರು, ಸುತ್ತಲೂ ನೋಡುತ್ತ. "ಯಾರು ಕೈ ಹಚ್ಯಾರ ಇದಕ್ಕ?"

ಇಲ್ಲಿಯವರೆಗೆ ನಿಮ್ಮೊಡನೆ ಹಗುರಾಗಿ ಮಾತಾಡಿಕೊಂಡು ಬಂದೆ. ಇಲ್ಲಿ ನನ್ನ ನಾಲಿಗೆ ಈಗಲೂ ತಡವರಿಸುತ್ತದೆ. ಆ ಖಾಕಿ, ಆ ಗಂಟಿಕ್ಕಿದ ಹುಬ್ಬು, ಹಿಂದೆ ನಿಂತ ತಂದೆಯವರ ಕಣ್ಣು, ಎಲ್ಲ ಒಟ್ಟಿಗೆ ನನ್ನ ಮೇಲೆ ಬಿದ್ದವು. ನಾನು ಕೈಯೆತ್ತಿ ಫಕೀರಪ್ಪನ ಕಡೆ ಬೊಟ್ಟು ಮಾಡಿದೆ. "ಇವಾರೀ, ನಮ್ಮ ಅಳತಿಯವ. ನಾ ಬ್ಯಾಡ ಅಂದ್ರೂ ಕೇಳ್ಲಿಲ್ರಿ," ಎಂದೆ. ಎರಡನೆಯ ಮಾತು ಸಾಹೇಬರಿಗಷ್ಟೇ ಕೇಳಿಸುವಷ್ಟು ಮೆಲ್ಲಗೆ ಅಂದೆನೆಂಬುದು ನನ್ನ ಭ್ರಮೆ. ಹೇಡಿತನಕ್ಕೆ ಒಂದು ಮಾತು ಸಾಕಾಗಿತ್ತು. ನಾನು ಎರಡು ಆಡಿದೆ. ತಕ್ಕಡಿ ಬರುವವರೆಗಷ್ಟೇ ಅನ್ನವಿದ್ದ ಮನುಷ್ಯನ ಮೇಲೆ ಆಡಿದೆ.

ಫಕೀರಪ್ಪ ನನ್ನ ಕಡೆ ನೋಡಲಿಲ್ಲ. ಹೆಗಲ ಮೇಲಿನ ವಲ್ಲಿಯನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಮುಂದೆ ಬಂದ. "ಹೌದ್ರಿ, ನಾನ ಹಚ್ಚೇನ್ರಿ. ಮೊದಲ ಹ್ಯಾಂಗ ಅಂತಿತ್ರಿ ಅದು?"

ಸಾಹೇಬರು ಒಂದು ಕ್ಷಣ ಅನುಮಾನಿಸಿ, ಕಂಠ ಸರಿಮಾಡಿಕೊಂಡು, ಇಡೀ ಗಂಜಿನ ಸಮಕ್ಷಮದಲ್ಲಿ ಬಾಯಿಂದಲೇ ಹೇಳಿ ತೋರಿಸಿದರು: "ಢಗ್ ಢಗ್ ಢಗ್ ಢಗ್... ಖುಕ್!"

"ನಾಕ ಢಗ್ಗಿಗೆ ಒಂದ ಖುಕ್ ಏನ್ರಿ?"

"ಹಾಂ, ನಾಕಕ್ಕ ಒಂದ!"

ಫಕೀರಪ್ಪ ಬಾಗಿ ಗಾಳಿಯ ತಿರುಪಿಗೆ ಪೇಚ್‌ಕಸ್ ಇಟ್ಟು, ಕೈಯನ್ನು ಅದರ ಇಷ್ಟದಂತೆ ಹೊರಳಲು ಬಿಟ್ಟ. ಫಟಫಟಿ ನಾಲ್ಕು ಸಲ ಢಗ್ ಎಂದು ಒಮ್ಮೆ ಖುಕ್ ಎಂದಿತು. ಸಾಹೇಬರ ಇಸ್ತ್ರಿ ಮಾಡಿದ ಮುಖ ಮೊದಲ ಸಲ ಸುಕ್ಕುಗಟ್ಟಿ, ನಗುವಾಯಿತು.

ಕಾರಣವನ್ನು ಅವರೇ ಹೇಳಿದರು. ಬಿಸಿಲಿನಲ್ಲಿ ಸರಪಳಿ ಹಿಡಿದು ನೆಲ ಅಳೆಯುವ ಕೂಲಿಗಳು ನಡುವೆ ನೆರಳಿಗೆ ಕೂಡದೆ ಇರಲಾರರು. ಈ ಖುಕ್ ಸಪ್ಪಳ ಅರ್ಧ ಮೈಲು ಮುಂದಾಗಿ ಹೋಗಿ ಅವರನ್ನು ಎಬ್ಬಿಸುತ್ತಿತ್ತು. ಸಾಹೇಬರು ಮುಟ್ಟುವ ಹೊತ್ತಿಗೆ ಎಲ್ಲರ ಕೈಯಲ್ಲೂ ಸರಪಳಿ. "ಖುಕ್ ಅನ್ನದ ಗಾಡಿ ಮ್ಯಾಲ ಹೋದ್ನೆಂದ್ರ ನೋಡಬಾರದ್ದನ್ನ ನೋಡಬೇಕಾಗತೈತಿ. ನೋಡಿದ ಮ್ಯಾಲ ಕಾಗದ ಬರೀಬೇಕಾಗತೈತಿ. ಕಾಗದ ಬರದ್ರ ಪಾಪ ಅವರ ಹೊಟ್ಟಿ ಮ್ಯಾಲ ಹೊಡದಂಗ," ಎಂದು ಹೇಳಿ, ಫಕೀರಪ್ಪನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಆ ಕೆಮ್ಮು ಎಲ್ಲಿಂದ ಬರುತ್ತದೆಂದು ಈವರೆಗೆ ಒಬ್ಬ ಮಿಸ್ತ್ರಿಯೂ ಹೇಳಿರಲಿಲ್ಲವಂತೆ; ಈ ಮನುಷ್ಯ ಬೇಕೆಂದಾಗ ತೆಗೆಯುತ್ತಾನೆ, ಬೇಕೆಂದಾಗ ಹಾಕುತ್ತಾನೆ. ಕ್ಯಾಂಪಿನಲ್ಲಿ ನೀರೆತ್ತುವ ಪಂಪುಗಳು ಎರಡಿದ್ದವು, ಎರಡೂ ಕೆಟ್ಟಿದ್ದವು. ಮಂಜೂರಾದ ಒಬ್ಬ ಮನುಷ್ಯನ ನೌಕರಿ ಅಲ್ಲಿಯೇ, ನಿಂತ ನಿಲುವಿನಲ್ಲಿ, ಫಕೀರಪ್ಪನಿಗೆ ಸಂದಿತು. ನನ್ನ ಬೊಟ್ಟು ಇನ್ನೂ ಪೂರ್ತಿ ಕೆಳಗಿಳಿದಿರಲಿಲ್ಲ.

ಮರುದಿನ ನಸುಕಿನಲ್ಲಿ ಅವನು ಸಾಹೇಬರ ಹಿಂದೆ ಕೂತು ಮುನಿರಾಬಾದಿಗೆ ಹೋದ. ಹೋಗುವ ಹಿಂದಿನ ಸಂಜೆಯೇ ಗಂಜಿನಲ್ಲಿ ಅಂಗಡಿ ಅಂಗಡಿಗೆ ಹೋಗಿ ಹೇಳಿ ಬಂದನಂತೆ: "ನೌಕರಿ ಖರೇ ಅಂದ್ರ ಸಣ್ಣ ಸಾವ್ಕಾರ್ರಿಗೆ ಬರಬೇಕಾಗಿತ್ರಿ. ಮುದುಕ ತಕ್ಕಡಿ ಬಂದಮ್ಯಾಲ ಎಲ್ಲಿ ಹೋಗ್ತಾನ ಅಂತ, ತಾವು ಹಿಂದ ಸರದು ನನ್ನ ಹೆಸರು ಮುಂದ ಮಾಡ್ಯಾರ್ರಿ. ಬೊಟ್ಟು ಮಾಡಿದ್ದು ಅದಕ್ಕರಿ." ಅವನು ಹೋದ ದಿನದ ಸಂಜೆಯೊಳಗೆ ನಾನು ತ್ಯಾಗಿಯಾಗಿದ್ದೆ. ಎಂದೂ ನನ್ನನ್ನು ಹೊಗಳದ ತಂದೆಯವರು ಅವತ್ತು ಊಟಕ್ಕೆ ಕೂತಾಗ ನನ್ನ ತಾಟಿಗೆ ತಾವೇ ತುಪ್ಪ ಬಡಿಸಿ, "ಛಲೋ ಕೆಲಸ ಮಾಡಿದಿ," ಎಂದರು. ನಾನು ತಾಟು ಬಿಟ್ಟು ಎದ್ದೆ. ಅದನ್ನೂ ಅವರು ಫಕೀರಪ್ಪ ಹೋದ ದುಃಖವೆಂದೇ ತಿಳಿದರು. ತಕ್ಕಡಿ ಬರುವುದು ತಡವಾಗಿ, ಅಲ್ಲಿಯವರೆಗೆ ರಾಶಿಯ ಪಕ್ಕದಲ್ಲಿ ಮಂಡಿಯೂರಿ ಸೇರು ಹಿಡಿಯುವ ಪಾಳಿ ನನ್ನದಾಯಿತು. ಕಾಳು ಒಯ್ಯಲು ಬಂದವರೆಲ್ಲ ನನ್ನ ಕೈಯಿಂದಲೇ ಅಳೆಸಿಕೊಳ್ಳಲು ಬಯಸುತ್ತಿದ್ದರು; ಪುಣ್ಯವಂತನ ಕೈ ಎಂದು.

ಒಂದು ವರ್ಷ ಹೀಗೆಯೇ ಕಳೆಯಿತು. ಹೊಗಳಿಕೆ ನನಗೆ ಮೊದಲು ಮುಳ್ಳಿನಂತೆ ಚುಚ್ಚುತ್ತಿತ್ತು, ಆಮೇಲೆ ಕಡಿಮೆ ಚುಚ್ಚತೊಡಗಿತು. ಅದನ್ನು ಗಮನಿಸಿದ ದಿನ ನನಗೆ ನಿಜವಾದ ಹೆದರಿಕೆ ಹುಟ್ಟಿತು. ಕ್ಯಾಂಪಿಗೆ ಕಾಳು ಸಾಗಿಸುವ ನೆಪದಲ್ಲಿ ಚಕ್ಕಡಿ ಹತ್ತಿ ಮುನಿರಾಬಾದಿಗೆ ಹೋದೆ. ಫಕೀರಪ್ಪ ಪಂಪಿನ ತಗಡಿನ ಶೆಡ್ಡಿನ ಮುಂದೆ ಕೂತು ಚಹಾ ಕಾಸುತ್ತಿದ್ದ. ಮೈತುಂಬಿಕೊಂಡಿದ್ದ, ಮಿಸ್ತ್ರಿ ಎಂದು ಎಲ್ಲರೂ ಕರೆಯುತ್ತಿದ್ದರು. ನಾನು ಅವನ ಎದುರಿಗೆ ಕೂತೆ.

"ಅಜ್ಜಾ, ಅವತ್ತ ಸಾಹೇಬ್ರ ಮುಂದ ನಾ..." ಎಂದೆ.

"ಬೊಟ್ಟು ಮಾಡಿದಿ," ಎಂದ ಅವನು, ಚಹಾ ಸೋಸುತ್ತ. "ನಾ ಅಲ್ಲೇ ಇದ್ನೆಲ್ಲ. ಬ್ಯಾಡ ಅಂದ್ರೂ ಕೇಳ್ಲಿಲ್ಲ ಅಂದದ್ದೂ ಕೇಳೇತಿ."

"ಮತ್ತ ಊರ ತುಂಬ ಹಂಗ್ಯಾಕ ಹೇಳಿದಿ?"

"ಮತ್ತೇನ ಹೇಳ್ಲಿ? ಸಾವ್ಕಾರ್ರ ಮಗ ಅಂಜಿ ನನ್ನ ಮುಂದ ದೂಡಿದ ಅನ್ಲೇನು?" ಲೋಟ ನನ್ನ ಮುಂದಿಟ್ಟ. "ನಾ ಇಲ್ಲಿಗೆ ಬಂದ್ನಿ, ನನ್ನದು ನಡೀತು. ನೀ ಅಲ್ಲೇ ಇರಾಂವ. ಆ ಮಂದಿ ನಡುವ ಬಾಳೇವು ಮಾಡಾಂವ. ಕುಡಿ, ಆರತೈತಿ."

ಚಹಾ ಕುಡಿದೆ. ಕಾಲು ಹಿಡಿಯಬೇಕೆನಿಸಿತು, ಹಿಡಿಯಲಿಲ್ಲ; ಅತ್ತರೆ ಸಾಕಿತ್ತು, ಅಳಲಿಲ್ಲ. ಚಕ್ಕಡಿ ಹೊರಟಾಗ ಅವನು ಒಂದಿಷ್ಟು ದೂರ ಜೊತೆಗೆ ನಡೆದು ಬಂದು, ನನ್ನ ತಂದೆಯವರ ಮಂಡಿನೋವನ್ನು ವಿಚಾರಿಸಿ ಹಿಂತಿರುಗಿದ. ಆಮೇಲೆ ಎಷ್ಟೋ ಸಲ ಗಂಜಿನ ಕಟ್ಟೆಯ ಮೇಲೆ ಆ ಕಥೆ ಬಂದಾಗ ಬಾಯಿ ತೆರೆದಿದ್ದೇನೆ, ಮುಚ್ಚಿದ್ದೇನೆ. ನನಗೆ ಹೆಣ್ಣು ಕೊಟ್ಟವರೂ ಆ ಕಥೆ ಕೇಳಿಯೇ ಕೊಟ್ಟರು. ಇವತ್ತು ಮೊದಲ ಸಲ ನಡೆದದ್ದನ್ನು ನಡೆದಂತೆ ಬರೆದಿದ್ದೇನೆ. ಫಕೀರಪ್ಪ ಓದು ಬಲ್ಲವನಾಗಿರಲಿಲ್ಲ. ಬಲ್ಲವನಾಗಿದ್ದು ಈಗ ಬದುಕಿದ್ದರೆ, ಇದನ್ನು ನನ್ನ ಕೈಯಿಂದ ಕಸಿದುಕೊಂಡು ಹರಿದು ಒಲೆಗೆ ಹಾಕುತ್ತಿದ್ದ.